ತುತ್ತು ಇಳಿಯುವ ತನಕ

ಆ ವರ್ಷದ ಶ್ರಾವಣದಲ್ಲಿ ನಾನು ಒಪ್ಪತ್ತು ಹಿಡಿದಿದ್ದೆ. ತಿಂಗಳಿಡೀ ದಿನಕ್ಕೆ ಒಂದೇ ಊಟ, ಅದೂ ಪೂಜೆ ಮುಗಿದ ಮೇಲೆ. ನಾನು ಮದುವೆಯಾಗಿ ಶಹಾಪುರಕ್ಕೆ ಬಂದಾಗಿನಿಂದ ಅತ್ತೆ ಪ್ರತಿ ವರ್ಷ ಹಿಡಿಯುತ್ತಿದ್ದರು, ನಾನು ಪ್ರತಿ ವರ್ಷ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳು ಎಂಬ ರಿಯಾಯಿತಿ ನನಗೆ ಆ ಮನೆಯಲ್ಲಿ ಸಿಕ್ಕಿತ್ತು. ಆ ಸಲ ನಾನಾಗಿಯೇ "ಅತ್ತಿ, ನಾನೂ ಹಿಡೀತೀನ್ರಿ" ಎಂದಾಗ ಅವರಿಗೆ ನಂಬಿಕೆಯಾಗಲಿಲ್ಲ. ನಂಬಿಕೆಯಾದ ಮೇಲೆ ಓಣಿ ತುಂಬ ಹೇಳಿಕೊಂಡು ಬಂದರು.

"ಕಾನ್ವೆಂಟ್ ಕಲ್ತಾಕಿ, ಕಾನ್ವೆಂಟ್ ಕಲ್ತಾಕಿ ಅಂತ ಆಡ್ಕೋತಿದ್ರಲ್ಲ? ಈಗ ನೋಡ್ರಿ ನಮ್ಮ ಸುಮಂಗಲಾನ್ನ!"

ನನಗೂ ಅದು ಭಕ್ತಿಯೆಂದೇ ಅನ್ನಿಸಿತ್ತು. ಊಟದ ಮೇಲೆ ಮನಸ್ಸೇ ಹೋಗುತ್ತಿರಲಿಲ್ಲ. ರೊಟ್ಟಿ ಎದೆಯ ನಡುವೆ ಒಂದು ಕ್ಷಣ ನಿಂತು, ಯೋಚಿಸಿ, ಆಮೇಲೆ ಇಳಿಯುತ್ತಿತ್ತು. ಕೊರಳಲ್ಲಿ ಕಟ್ಟಿಕೊಳ್ಳುವ ಇಷ್ಟಲಿಂಗದ ಬೆಳ್ಳಿ ಕರಡಿಗೆ ಮೈಗೆ ತಾಗುವ ಜಾಗವೇ ಅದು. ಪೂಜೆಯ ಹೊತ್ತಿಗೆ ಕೈ ಅಲ್ಲಿಗೇ ಹೋಗುವುದರಿಂದ, ಅಲ್ಲಿ ಏನೋ ನಿಂತಂತಾಗುವುದೂ ವ್ರತದ ಒಂದು ಭಾಗ ಅಂದುಕೊಂಡೆ. ನಗು ಬರಬಹುದು ನಿಮಗೆ. ನನಗೆ ಈಗಲೂ ಬರುವುದಿಲ್ಲ.

ಮನೆಯಲ್ಲಿ ಯಾರಿಗೂ ತಿಳಿಯದಿರುವುದಕ್ಕೆ ಕಾರಣವಿತ್ತು. ಹೆಂಗಸರು ನಾವು ಎಲ್ಲರದೂ ಆದ ಮೇಲೆ ಒಲೆಯ ಹತ್ತಿರ ಕೂತು ಉಣ್ಣುವವರು. ನಮ್ಮಲ್ಲಿ ತಾಟಿನಲ್ಲಿ ಒಂದು ಅಗಳನ್ನೂ ಬಿಡುವಂತಿಲ್ಲ. ಉಂಡ ಮೇಲೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ, ಆ ನೀರನ್ನು ಕುಡಿದುಬಿಡುತ್ತೇವೆ. ಹಾಗಾಗಿ ಮೂರು ರೊಟ್ಟಿ ಉಂಡವರ ತಾಟೂ ಸಾರಿನಲ್ಲಿ ನೆನೆಸಿದ ಒಂದು ಚೂರು ಉಂಡವಳ ತಾಟೂ ಕೊನೆಗೆ ಒಂದೇ ರೀತಿ ಹೊಳೆಯುತ್ತವೆ.

ದಸರೆಯ ರಜೆಯಲ್ಲಿ ಸುರಪುರದ ನನ್ನ ಅಣ್ಣನ ಮನೆಯಲ್ಲಿ ಅವನ ಮಗಳ ಕುಬಸವಿತ್ತು. ಬಸುರಿ ಹುಡುಗಿಗೆ ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಪಂಕ್ತಿಗೆ ಕೂತೆವು. ಹೋಳಿಗೆಯ ಎರಡನೆಯ ತುತ್ತಿಗೆ ನನ್ನ ಎದೆ ಮುಚ್ಚಿಕೊಂಡಿತು. ಉಸಿರಾಟ ಸರಿಯಿದೆ, ಆದರೆ ತುತ್ತು ಮೇಲೂ ಬಾರದು, ಕೆಳಗೂ ಹೋಗದು. ಬಾಯಿಯಲ್ಲಿ ಜೊಲ್ಲು ತುಂಬತೊಡಗಿತು. ಎಲ್ಲರದೂ ಮುಗಿಯುವ ಮುಂಚೆ ಪಂಕ್ತಿಯಿಂದ ಏಳುವಂತಿಲ್ಲ. ಊಟದ ಮಧ್ಯೆ ಮುಖ ಕಿವುಚಬಾರದು ಎಂದು ಕಾನ್ವೆಂಟಿನ ಸಿಸ್ಟರ್‌ಗಳೂ ಕಲಿಸಿದ್ದರು. ಎರಡೂ ಕಡೆಯ ಸಂಸ್ಕಾರಗಳು ಸೇರಿ ನನ್ನನ್ನು ಅಲ್ಲೇ ಕೂಡಿಸಿದವು. ಎದುರು ಸಾಲಿನಲ್ಲಿದ್ದ ನನ್ನ ಮಗಳು ಪೂರ್ಣಿಮಾ ನೋಡಿದಳು.

"ಮಮ್ಮಿ, ಅಳಾಕತ್ತೀಯೇನು?"

ಹಿತ್ತಲಿಗೆ ಓಡಿದೆ. ಹೋಳಿಗೆ ಹೋದ ಹಾಗೆಯೇ ಹೊರಬಂತು. ಹುಳಿಯ ವಾಸನೆ ಕೂಡ ಇರಲಿಲ್ಲ. ಅದು ಹೊಟ್ಟೆಯನ್ನು ಕಂಡೇ ಇರಲಿಲ್ಲ. ತಿರುಗಿದರೆ ಹಿಂದೆ ಅತ್ತೆ ತಂಬಿಗೆ ಹಿಡಿದು ನಿಂತಿದ್ದರು.

"ಎಷ್ಟ ದಿನಾತು ಹಿಂಗ?"

"ಶ್ರಾವಣದಾಗಿಂದ್ರಿ."

ಅವರು ನನ್ನ ಕೈಗೆ ನೀರು ಹಾಕಿದರು, ಸೆರಗಿನಿಂದ ನನ್ನ ಗದ್ದ ಒರೆಸಿದರು. ಸುರಪುರದಿಂದ ವಾಪಸಾಗುವಾಗ ಭೀಮರಾಯನಗುಡಿಯ ಕ್ಯಾಂಪ್ ದಾಟಿ ಶಹಾಪುರದ ಬೆಟ್ಟ ಕಾಣಿಸಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು: "ನಾ ಓಣಿ ತುಂಬ ಹೇಳ್ಕೋತ ತಿರಗೀನಿ."

ಶಹಾಪುರದ ನಮ್ಮ ಡಾಕ್ಟರು ಹೆಚ್ಚು ಮಾತಾಡದೆ ಕಲಬುರಗಿಗೆ ಹೋಗಿ ಗಂಟಲಲ್ಲಿ ಕ್ಯಾಮೆರಾ ಹಾಕಿಸಿ ಎಂದರು. ಹಾಕಿಸಿದೆವು. ಕ್ಯಾಮೆರಾ ಅರ್ಧ ದಾರಿಯಲ್ಲೇ ನಿಂತಿತು, ಮುಂದೆ ದಾಟಲಿಲ್ಲ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬೇಗ ತಿಳಿಯಿತು, ಯಾವ ಕ್ಯಾನ್ಸರ್ ಎಂದು ತಿಳಿಯಲಿಲ್ಲ. ಆ ಚೂರು ಬೇರೆ ಬೇರೆ ಬಣ್ಣ ಹಾಕಿ ನೋಡುವ ಪರೀಕ್ಷೆಗಾಗಿ ನಾನು ನೋಡದ ಇನ್ನೊಂದು ಊರಿಗೆ ಹೋಯಿತು. ಅದು ಬರುವವರೆಗಿನ ದಿನಗಳನ್ನು ಹೇಗೆ ಕಳೆದೆ ಎಂದು ಕೇಳಿದರೆ, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದೆ. ಸಾಸಿವೆ ಡಬ್ಬಿಯ ಮೇಲೆ 'ಸಾಸಿವೆ' ಎಂದು ಬರೆದು ಅಂಟಿಸಿದೆ, ಜೀರಿಗೆಯ ಮೇಲೆ 'ಜೀರಿಗೆ'. ಕಣ್ಣಿಗೆ ಕಾಣುವುದಕ್ಕೆ ಹೆಸರು ಯಾಕೆ ಬೇಕು ಎಂದು ಪೂರ್ಣಿಮಾ ಕೇಳಿದಳು. ನಾನು ಇಲ್ಲದಾಗ ಹುಡುಕಬೇಕಾಗುತ್ತದಲ್ಲ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. "ಆಯಿಗೆ ಕಣ್ಣು ಸರಿ ಕಾಣಂಗಿಲ್ಲಲ್ಲ" ಎಂದೆ. ಆಯಿ ಎಂದರೆ ಅವಳ ಅಜ್ಜಿ, ನನ್ನ ಅತ್ತೆ. ಅವರಿಗೆ ಓದು ಬಾರದು. ಅದು ಅವಳಿಗೂ ಗೊತ್ತು. ಅವಳು ಅಂಟಿನ ಬಾಟಲಿ ಹಿಡಿದುಕೊಂಡು ಕೂತಳು.

ಕಲಬುರಗಿಯ ಕ್ಯಾನ್ಸರ್ ಡಾಕ್ಟರು ಮೈಸೂರಿನ ಕಡೆಯ ಹೆಣ್ಣುಮಗಳು. ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ಆಗಲೇ ನನಗೆ ತಿಳಿಯಿತು.

"ಇದು ಅಪರೂಪದ ಜಾತಿ. ಸಾಮಾನ್ಯವಾಗಿ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳುತ್ತೆ. ನಿಮಗೆ ಅನ್ನನಾಳದಲ್ಲಿ ಬಂದಿದೆ."

ನನ್ನ ಯಜಮಾನರಿಗೆ ಶಹಾಪುರದಲ್ಲಿ ಪೈಪು, ಪಂಪುಗಳ ಅಂಗಡಿ. ಅವರಿಗೆ ಅರ್ಥವಾಗುವ ದಾರಿ ಅದೊಂದೇ. "ಮೇಡಂ, ಬ್ಲಾಕ್ ಆದಷ್ಟು ಕಟ್ ಮಾಡಿ ಆಕಡಿ ಈಕಡಿ ಜೋಡಿಸಾಕ ಬರಂಗಿಲ್ಲೇನ್ರಿ? ನಾವು ದಿನಾ ಅದನ್ನ ಮಾಡ್ತೀವ್ರಿ."

ಡಾಕ್ಟರು ನಗಲಿಲ್ಲ, ಅದು ನನಗೆ ಇಷ್ಟವಾಯಿತು. "ತೊಂದರೆ ಪೈಪಿನಲ್ಲಿ ಮಾತ್ರ ಇದ್ದಿದ್ದರೆ ನಾನೂ ಹಾಗೇ ಹೇಳ್ತಿದ್ದೆ. ಇದು ರಕ್ತದಲ್ಲಿ ಬೇಗ ಓಡುವಂಥದ್ದು. ಮೈಯೆಲ್ಲಾ ಮುಟ್ಟುವ ಔಷಧಿ ಮೊದಲು. ಕೀಮೋ."

ಅತ್ತೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. "ಅಪರೂಪ ಅಂದ್ರ ಚಲೋನೋ ಕೆಟ್ಟೋ, ಅದನ್ನ ಹೇಳವ್ವ."

"ಔಷಧಿಗೆ ಬೇಗ ಬಗ್ಗುತ್ತೆ ಅಜ್ಜಿ. ಅದು ಒಳ್ಳೇದು."

"ಮತ್ತೊಂದು?"

ಪೆನ್ನಿನ ಮುಚ್ಚಳ ನಿಂತಿತು. "ತಿರುಗಿ ಏಳುವ ಬುದ್ಧಿಯೂ ಅದಕ್ಕಿದೆ."

ಆಮೇಲೆ ಡಾಕ್ಟರು ನನ್ನ ಕಡೆ ನೋಡಿ ಮುಂದಿನದನ್ನು ಹೇಳಿದರು. ಎರಡು ಸುತ್ತು ಕೀಮೋ ಕೊಟ್ಟು ನೋಡೋಣ. ಗಡ್ಡೆ ಕರಗಿದರೆ ನುಂಗುವ ದಾರಿ ತಾನಾಗಿ ಬಿಡುತ್ತದೆ. ಕರಗದಿದ್ದರೆ ಹೊಟ್ಟೆಗೆ ನೇರವಾಗಿ ನಳಿಕೆ ಇಟ್ಟು ಅದರಿಂದಲೇ ಆಹಾರ. ನಳಿಕೆಗಿಂತ ಅವರು ಹೇಳದೆ ಬಿಟ್ಟದ್ದೇ ನನ್ನನ್ನು ಹೆದರಿಸಿತು. ಈ ಔಷಧಿಗೇ ಬಗ್ಗದಿದ್ದರೆ ಇನ್ನು ಯಾವುದಕ್ಕೆ ಬಗ್ಗೀತು?

ಮೈಯ ಬೇರೆ ಕಡೆ ಹರಡಿದೆಯೇ ಎಂದು ನೋಡಲು ಸ್ಕ್ಯಾನ್ ಆಗಬೇಕಿತ್ತು. ಲೋಹದ ವಸ್ತು ಏನೂ ಮೈಮೇಲೆ ಇರಬಾರದು. ಬಳೆ, ಓಲೆ, ತಾಳಿ ತೆಗೆದು ಪೂರ್ಣಿಮಾಳ ಚೀಲಕ್ಕೆ ಹಾಕಿದೆ. ಅಲ್ಲಿದ್ದ ಹುಡುಗಿ ಕರಡಿಗೆಯ ಕಡೆ ಬೆರಳು ತೋರಿಸಿ, "ಅದೂ" ಎಂದಳು.

ನನ್ನ ಕೈ ನಿಂತಿತು. ಲಿಂಗ ಮೈಯಿಂದ ಅಗಲಿದ ಮೇಲೆ, ಅದು ಮತ್ತೆ ಕೊರಳಿಗೆ ಬರುವವರೆಗೆ ಗುಟುಕು ನೀರೂ ಮುಟ್ಟಬಾರದು ಎಂದು ಬೆಳೆದವಳು ನಾನು. ಕಾನ್ವೆಂಟಿನ ಸಿಸ್ಟರ್‌ಗಳು ಕೂಡ ಅದನ್ನು ಬಿಚ್ಚು ಎಂದು ಒಮ್ಮೆಯೂ ಹೇಳಿರಲಿಲ್ಲ. ಅತ್ತೆ ಸಿಟ್ಟಾಗುತ್ತಾರೆ, ಇಲ್ಲಿ ದೊಡ್ಡ ಗಲಾಟೆಯಾಗುತ್ತದೆ ಎಂದುಕೊಂಡು ಅವರ ಮುಖ ನೋಡಿದೆ. ಅವರು ಎದ್ದು ಬಂದು ತಾವೇ ಶಿವದಾರ ಬಿಚ್ಚಿ, ಕರಡಿಗೆಯನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಮುಷ್ಟಿ ಕಟ್ಟಿದರು.

"ನೀ ಹೋಗಿ ಬಾ. ಇದು ನಿನ್ನ ಕೊರಳಿಗೆ ಬರೋತನ ನಾನೂ ನೀರು ಮುಟ್ಟಂಗಿಲ್ಲ."

"ಅತ್ತಿ, ನಿಮಗ ಸಕ್ಕರಿ ಅದ್ರಿ."

"ಸಕ್ಕರಿಗೆ ತಿಳಿಸಿ ಹೇಳ್ತೀನಿ. ನಡಿ."

ಮಧ್ಯಾಹ್ನ ಸರಿದು ಹೊರಬಂದಾಗ ಅವರು ಅದೇ ಕುರ್ಚಿಯಲ್ಲಿ ಅದೇ ಮುಷ್ಟಿಯಲ್ಲಿ ಕೂತಿದ್ದರು. ತುಟಿ ಒಣಗಿ ಬಿಳಿಯಾಗಿತ್ತು. ಅಂಗೈ ಬಿಚ್ಚಿದಾಗ ಕರಡಿಗೆಯ ಅಂಚು ಅಲ್ಲಿ ಗುಂಡಗೆ ಅಚ್ಚೊತ್ತಿತ್ತು. ಬೇರೆ ಕಡೆ ಹರಡಿಲ್ಲ ಎಂದು ಡಾಕ್ಟರು ಹೇಳಿದ್ದು ಮರುದಿನ. ನನಗೆ ಅದಕ್ಕಿಂತ ಹೆಚ್ಚು ನೆನಪಿರುವುದು ಆ ಗುಂಡು ಗುರುತು.

ಕೀಮೋವನ್ನು ಯಾದಗಿರಿಯಲ್ಲೇ ಕೊಡುವ ವ್ಯವಸ್ಥೆಯಾಯಿತು. ಕಲಬುರಗಿಯ ಡಾಕ್ಟರು ಬರೆದುಕೊಟ್ಟಂತೆ ಅಲ್ಲಿಯ ಆಸ್ಪತ್ರೆಯವರು ಹಾಕುವುದು. ಬೆಳಿಗ್ಗೆ ಶಹಾಪುರ ಬಿಟ್ಟರೆ ಹತ್ತಿಯ ಹೊಲ, ಭೀಮಾ ಸೇತುವೆ, ಆಮೇಲೆ ಯಾದಗಿರಿ. ಸೇತುವೆಯ ಮೇಲೆ ಯಜಮಾನರು ಪ್ರತಿ ಸಲ ಕಾರನ್ನು ನಿಧಾನ ಮಾಡುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ. ಅವರ ತುಟಿ ಅಲ್ಲಾಡುತ್ತಿತ್ತು.

ಕೀಮೋ ಕೋಣೆಯಲ್ಲಿ ಒರಗು ಕುರ್ಚಿಗಳು, ಒಂದು ಗೋಡೆ ಗಡಿಯಾರ, ಅದರ ಕೆಳಗೆ 'ಚಪ್ಪಲಿ ಹೊರಗೆ ಬಿಡಿ' ಎಂಬ ಹಲಗೆ. ನರ್ಸಮ್ಮ ನರ ಹುಡುಕುವಾಗ ತನ್ನ ಕೆಳತುಟಿ ಕಚ್ಚಿಕೊಳ್ಳುತ್ತಿದ್ದಳು. ನರ ಸಿಕ್ಕ ಕೂಡಲೇ ಬಿಡುತ್ತಿದ್ದಳು. ನಾನು ಸೂಜಿ ನೋಡದೆ ಆ ತುಟಿಯನ್ನೇ ನೋಡುತ್ತಿದ್ದೆ. ಮೊದಲು ಬರಿಯ ಸಲೈನ್, ಆಮೇಲೆ ವಾಂತಿಯಾಗದಿರಲು ಒಂದು, ಆಮೇಲೆ ಆ ಔಷಧಿ. ಅದು ನೀರಿನಂತೆಯೇ ಇರುತ್ತದೆ. ಅಷ್ಟು ಹೆದರಿಸುವ ವಸ್ತುವಿಗೆ ಒಂದು ಬಣ್ಣವಾದರೂ ಇರಬೇಕಿತ್ತು ಅನ್ನಿಸಿತು.

ಪಕ್ಕದ ಕುರ್ಚಿಯಲ್ಲಿ ಭೀಮಬಾಯಿ. ಭೀಮಾ ದಂಡೆಯ ಹಳ್ಳಿಯವಳು, ಗಂಡ ಹೊಳೆಯಲ್ಲಿ ಬಲೆ ಹಾಕುವವನು. ಅವಳಿಗೆ ಸ್ತನದಲ್ಲಿ ಗಂಟು. ನನಗಿಂತ ಮೊದಲೇ ಶುರುವಾಗಿದ್ದರಿಂದ ತಲೆ ಬೋಳಾಗಿತ್ತು. ಮುಚ್ಚಿಕೊಳ್ಳುವ ಗೋಜಿಗೇ ಹೋಗಿರಲಿಲ್ಲ.

"ಅಕ್ಕಾರ, ನಿಮ್ಮದೆಲ್ಲಿ?"

ನಾನು ಎದೆಯ ನಡುವೆ ತೋರಿಸಿದೆ. "ನುಂಗಾಕ ಬರಂಗಿಲ್ಲ."

"ಮೀನಿನ ಮುಳ್ಳು ಸಿಕ್ಕಂಗ ಆಗ್ತದೇನ್ರಿ?"

"ನಾವು ಮೀನು ತಿನ್ನಂಗಿಲ್ಲವ್ವ."

"ಅಯ್ಯ ಶಿವನ! ತಿನ್ನಲಾರದ ಮೀನಿನ ಮುಳ್ಳು ಸಿಕ್ಕೊಂಡದ ನೋಡ್ರಿ ಈ ಅಕ್ಕಾರಿಗೆ. ನಾವರ ತಿಂದು ಸಿಗಿಸ್ಕೋತೀವಿ."

ಕೋಣೆಯಲ್ಲಿ ಎಲ್ಲರೂ ನಕ್ಕರು, ನರ್ಸಮ್ಮ ಕೂಡ. ನನಗೂ ನಗು ಬಂತು. ಕ್ಯಾನ್ಸರ್ ಎಂಬ ಶಬ್ದ ಕೇಳಿದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಆದರೆ ಮನೆಗೆ ಬಂದ ಮೇಲೆ ನಗು ಉಳಿಯಲಿಲ್ಲ. ನಾಲಿಗೆಗೆ ನಾಣ್ಯ ಚೀಪಿದ ರುಚಿ. ಕಿವಿಯಲ್ಲಿ ಸದಾ ಕೀಟದ ಸದ್ದು. ಒಗ್ಗರಣೆಯ ವಾಸನೆ ಬಂದರೆ ಕರುಳು ಬಾಯಿಗೆ ಬರುತ್ತಿತ್ತು. ಗಂಜಿಯ ತಿಳಿ, ಎಳನೀರು, ಹಾಲು ಮಾತ್ರ ಇಳಿಯುತ್ತಿದ್ದವು, ಅವೂ ಚಮಚದಲ್ಲಿ. ದಿಂಬಿನ ಮೇಲೆ ಕೂದಲು ಕಂಡ ದಿನ ಪೂರ್ಣಿಮಾ ನನಗಿಂತ ಮೊದಲು ಎದ್ದು ದಿಂಬಿನ ಚೀಲ ಬದಲಿಸಿದ್ದಳು. ನನಗೆ ಕಾಣಬಾರದು ಎಂದು. ಹೊಸ ಚೀಲಕ್ಕೆ ಇಸ್ತ್ರಿಯ ಬಿಸಿ ಇನ್ನೂ ಇತ್ತು.

ದಿನದ ಮೊದಲ ಗುಟುಕು ನನಗೆ ಪರೀಕ್ಷೆಯಾಗಿತ್ತು. ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟು ನೀರೆರೆದು ಪೂಜಿಸಿ, ಆ ತೀರ್ಥವನ್ನು ತೆಗೆದುಕೊಳ್ಳಬೇಕು. ಕೆಲವೇ ಹನಿ. ಬಾಗಿಲಲ್ಲಿ ಅತ್ತೆ ನಿಂತು ಕೇಳುತ್ತಿದ್ದರು: "ಇಳೀತೇನವ್ವ?" ನಾನು "ಇಳೀತ್ರಿ" ಎನ್ನುತ್ತಿದ್ದೆ. ಅವರು ಹೋಗಿ ರೊಟ್ಟಿ ತಟ್ಟಲು ಕೂಡುತ್ತಿದ್ದರು. ಆ ತಟ್ಟುವ ಸಪ್ಪಳ ಶುರುವಾದರೆ, ಇವತ್ತಿನ ದಿನವೊಂದು ನಡೆಯುತ್ತದೆ ಎಂದು ನನಗೆ ಧೈರ್ಯ.

ಮೊದಲ ಸುತ್ತಿನ ಮರುವಾರ, ಒಂದು ಬೆಳಿಗ್ಗೆ, ತೀರ್ಥವೂ ನಿಂತಿತು.

ಹನಿಗಳು ಎದೆಯಲ್ಲಿ ಕೂತವು. ಕಾದೆ. ಆಮೇಲೆ ನಿಧಾನವಾಗಿ ಬಾಯಿಗೆ ಮರಳಿದವು. ತೀರ್ಥವನ್ನು ಉಗುಳುವಂತಿಲ್ಲ, ನುಂಗಲು ಆಗುವುದಿಲ್ಲ. ಬಾಯಿ ಮುಚ್ಚಿಕೊಂಡು ಕೂತೆ. ಬಾಗಿಲಿನಿಂದ ಎಂದಿನ ಪ್ರಶ್ನೆ ಬಂತು. ಉತ್ತರ ಕೊಡಲು ಬಾಯಿ ತೆರೆಯುವಂತಿರಲಿಲ್ಲ. ಅತ್ತೆ ಒಳಗೆ ಬಂದು ನನ್ನ ಕಣ್ಣು ನೋಡಿ ತಮ್ಮ ಬೊಗಸೆಯನ್ನು ನನ್ನ ಗದ್ದದ ಕೆಳಗೆ ಹಿಡಿದರು.

"ಇಲ್ಲಿ ಹಾಕು."

"ತೀರ್ಥ..." ಎಂದು ತೊದಲಿದೆ, ಎಲ್ಲವೂ ಅವರ ಕೈಗೇ ಬಿತ್ತು.

"ಇರ್ಲಿ. ಅವನೂ ನೋಡ್ಲಿ."

ಆ ದಿನ ಅಡುಗೆಮನೆಯಿಂದ ಸಪ್ಪಳ ಬರಲಿಲ್ಲ. ಯಾದಗಿರಿಗೆ ಕರೆದುಕೊಂಡು ಹೋಗಿ ಸಲೈನ್ ಹಾಕಿಸಿದರು. ಕಲಬುರಗಿಯ ಡಾಕ್ಟರು ಫೋನಿನಲ್ಲಿ, ಸುತ್ತ ಊತ ಬಂದಿರಬಹುದು, ಒಂದೆರಡು ದಿನ ನೋಡೋಣ, ಎರಡನೆಯ ಸುತ್ತಿನ ನಂತರವೂ ಹೀಗೇ ಆದರೆ ನಳಿಕೆಗೆ ತಡಮಾಡುವಂತಿಲ್ಲ ಎಂದರು. ಎರಡು ದಿನಕ್ಕೆ ಊತ ಇಳಿದು ಹನಿ ನೀರು ಮತ್ತೆ ಹೋಗತೊಡಗಿತು. ಆದರೆ ಆ ಬೆಳಗಿನ ನಂತರ ನನ್ನ ಎದೆಯನ್ನು ನಾನು ನಂಬಲಿಲ್ಲ. ಪ್ರತಿ ಗುಟುಕಿಗೂ ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾಯುವವಳ ಹಾಗೆ ಕಾಯುತ್ತಿದ್ದೆ.

ಎರಡನೆಯ ಸುತ್ತು ಮುಗಿಸಿ ಬಂದ ವಾರ ಹಾಸಿಗೆಯಲ್ಲಿ ಮಲಗಿ ಸಾಕಾಗಿ, ಮಧ್ಯಾಹ್ನ ಅಡುಗೆಮನೆಯ ಹೊಸ್ತಿಲಲ್ಲಿ ಚಾಪೆ ಹಾಕಿಕೊಂಡು ಕೂತೆ. ಒಗ್ಗರಣೆಯ ವಾಸನೆ ಸೇರುತ್ತಿರಲಿಲ್ಲ, ರೊಟ್ಟಿಯದನ್ನು ಮಾತ್ರ ತಡೆದುಕೊಳ್ಳಲು ಆಗುತ್ತಿತ್ತು. ಯಜಮಾನರು ಉಂಡು ಕೈ ಒರೆಸಿಕೊಳ್ಳುತ್ತಿದ್ದರು, ಪೂರ್ಣಿಮಾ ಇನ್ನೂ ತಾಟಿನ ಮುಂದಿದ್ದಳು. ಕೊನೆಗೆ ಅತ್ತೆ ನಮ್ಮೆಲ್ಲರಿಗೆ ಬೆನ್ನು ಹಾಕಿ ಕೂತು, ಪಾತ್ರೆಯಿಂದ ತಾಟಿಗೆ ಏನನ್ನೋ ಸುರಿದುಕೊಂಡರು. ನನಗೆ ಮಾಡಿದ ಗಂಜಿಯ ತಳದ ಅನ್ನ.

"ರೊಟ್ಟಿ ಇಲ್ಲೇನ್ರಿ ಅತ್ತಿ?"

"ಅದಾವ."

"ಮತ್ತ?"

"ಹಲ್ಲು ನೋಯಾಕತ್ತಾವ."

ಪೂರ್ಣಿಮಾ ತಲೆ ಎತ್ತಲಿಲ್ಲ. "ಸುಳ್ಳು. ಮಮ್ಮಿ ರೊಟ್ಟಿ ಉಣ್ಣೋತನ ನಾ ಮುಟ್ಟಂಗಿಲ್ಲಂತ ಗುಡ್ಯಾಗ ಹೇಳಿ ಬಂದಾಳ ಆಯಿ. ಸುರಪುರದಿಂದ ಬಂದ ಮರುದಿನಾನೇ. ಮೊನ್ನಿ ಗಿರಣ್ಯಾಗ ಜ್ವಾಳ ಬೀಸಿಸಾಕ ಹೋದಾಗ ಚಕ್ಕರ್ ಬಂದು ಕುಂತಾಳ. ಯಾರ ಮುಂದೂ ಹೇಳಬ್ಯಾಡಂತ ನನ್ನ ಕಡೆಯಿಂದ ಆಣಿ ಮಾಡಿಸ್ಯಾಳ."

"ಆಣಿ ಮಾಡಿ ಮುರದಿ ಅಲ್ಲ!" ಎಂದರು ಅತ್ತೆ.

ನಾನು ಗಟ್ಟಿಯಾಗಿ ಮಾತಾಡುವವಳಲ್ಲ. ಆ ಮನೆಯಲ್ಲಿ ನನ್ನ ದನಿ ಅಂಗಳದವರೆಗೂ ಹೋದದ್ದಿಲ್ಲ. ಆ ದಿನ ಅತ್ತೆಯ ಕುತ್ತಿಗೆಯ ಹಿಂಭಾಗ ನೋಡಿದೆ. ಎಲುಬಿನ ಮಣಿಗಳು ಒಂದೊಂದಾಗಿ ಕಾಣುತ್ತಿದ್ದವು. ಇಷ್ಟು ದಿನ ಕನ್ನಡಿಯಲ್ಲಿ ನನ್ನ ಎಲುಬುಗಳನ್ನಷ್ಟೇ ನೋಡಿಕೊಂಡಿದ್ದೆ. ಮನೆಯಲ್ಲಿ ಕೊನೆಗೆ ಉಣ್ಣುವವರನ್ನು ಯಾರೂ ನೋಡುವುದಿಲ್ಲ. ಅದು ಗೊತ್ತಿದ್ದ ನಾನು ಕೂಡ.

"ನಾ ಹಿಡದ ಒಪ್ಪತ್ತಿಗೆ ನೀವು ಓಣಿ ತುಂಬ ಹೊಗಳಿದ್ರಿ. ಈಗ ನೀವು ಹಿಡದೀರಿ. ನಾನೂ ಹೊಗಳಬೇಕೇನ್ರಿ?"

"ಹೊಗಳಬ್ಯಾಡ," ಎಂದರು ತಿರುಗದೆ. "ಉಣ್ಣು."

"ನನ್ನ ಕೈಯಾಗ ಅದೇನ್ರಿ ಅದು? ಇಳೀದಿದ್ರ? ಎಂದೂ ಇಳೀದಿದ್ರ ಏನ್ ಮಾಡ್ತೀರಿ?"

ಮನೆಯಲ್ಲಿ ಯಾರೂ ಆಡದ ಮಾತು ಅದು. ಯಜಮಾನರ ಕೈಯಲ್ಲಿದ್ದ ಟವೆಲ್ ಕೆಳಗೆ ಬಿತ್ತು. "ಅದಕ್ಕ ಹಿಡದೀನಿ" ಎಂದರು ಅತ್ತೆ.

ಹರಕೆ ಬಿಡಿಸಲು ನಮ್ಮಿಂದ ಆಗಲಿಲ್ಲ. ಆದರೆ ಬರೀ ಅನ್ನ ಉಂಡರೆ ಸಕ್ಕರೆ ಏರುತ್ತದೆ. ಯಜಮಾನರು ಅಂಗಡಿಯಲ್ಲಿ ಗಿರಾಕಿ ಜೊತೆ ಚೌಕಾಶಿ ಮಾಡುವ ದನಿಯಲ್ಲಿ ಶುರುಮಾಡಿದರು.

"ಯವ್ವಾ, ಗುಡ್ಯಾಗ ಏನಂದಿ? ರೊಟ್ಟಿ ಬಿಟ್ಟೀನಿ ಅಂದ್ಯೋ, ಜ್ವಾಳ ಬಿಟ್ಟೀನಿ ಅಂದ್ಯೋ?"

"ರೊಟ್ಟಿ."

"ಹಂಗಾದ್ರ ಜ್ವಾಳದ ನುಚ್ಚು ಉಣ್ಣಾಕ ಬರ್ತದಲ್ಲ ಬೇ."

ಅತ್ತೆ ಯೋಚಿಸಿದರು. "ಬರ್ತದ," ಎಂದರು, ಸ್ವಲ್ಪ ಅನುಮಾನದಿಂದ. "ಶಿವ ನಿನ್ನಂಗ ವ್ಯಾಪಾರಸ್ಥ ಅಲ್ಲ. ಆದ್ರೂ ಬರ್ತದ."

ಆ ಸಂಜೆಯಿಂದ ಅವರು ನುಚ್ಚು ಉಂಡರು. ನನಗೆ ಸಮಾಧಾನವಾಗಲಿಲ್ಲ, ನನ್ನ ಒಂದು ಗಂಟಲಿಗೆ ಇಬ್ಬರು ನೇತುಬಿದ್ದಿದ್ದೆವು.

ಪರೀಕ್ಷೆಯ ದಿನ ಬಂತು. ಕಲಬುರಗಿಗೆ ಹೋಗುವಾಗ ಯಾದಗಿರಿಯ ಆಸ್ಪತ್ರೆಯಲ್ಲಿ ರಕ್ತದ ವರದಿ ತೆಗೆದುಕೊಳ್ಳಬೇಕಿತ್ತು. ಕೀಮೋ ಕೋಣೆಗೆ ಇಣುಕಿದೆ. ಭೀಮಬಾಯಿಯ ಕುರ್ಚಿ ಖಾಲಿ. ನರ್ಸಮ್ಮನ ಕಡೆ ತಿರುಗಿದೆ. "ರಕ್ತ ಕಮ್ಮಿ ಬಂದದ್ರಿ ಆಕೀದು, ಮುಂದಿನ ವಾರ ಬಾ ಅಂತ ಕಳಿಸೀವಿ" ಎಂದಳು ನರ್ಸಮ್ಮ. ಹಾಗೆ ಹೇಳುವಾಗ ತುಟಿ ಕಚ್ಚಿಕೊಳ್ಳಲಿಲ್ಲ, ಹಾಗಾಗಿ ನಂಬಿದೆ.

ಕಲಬುರಗಿಯಲ್ಲಿ ಮತ್ತೆ ಕ್ಯಾಮೆರಾ ಹಾಕುವ ಅದೇ ಕೋಣೆ, ಗಂಟಲಿಗೆ ಹೊಡೆಯುವ ಅದೇ ಕಹಿ ಔಷಧಿ, ಎಡಕ್ಕೆ ಹೊರಳಿ ಮಲಗುವುದು. ಅತ್ತೆ ಈ ಸಲ ಬಂದಿರಲಿಲ್ಲ. "ನಾ ಬರಂಗಿಲ್ಲ. ಬಂದಾಗೆಲ್ಲ ಕೆಟ್ಟದ್ದ ಕೇಳೀನಿ" ಎಂದು ಬಾಗಿಲಲ್ಲೇ ನಿಂತಿದ್ದರು. ಟ್ಯೂಬು ಒಳಗೆ ಹೋಗುವಾಗ ನಾನು ಅದನ್ನು ಹಾಕುತ್ತಿದ್ದ ಡಾಕ್ಟರ ಚಪ್ಪಲಿ ನೋಡಿದೆ: ಒಂದರ ಪಟ್ಟಿಗೆ ಬೇರೆ ಬಣ್ಣದ ದಾರದ ಹೊಲಿಗೆ. ಹೋದ ಸಲ ಟ್ಯೂಬು ನಿಂತ ಜಾಗ ನನ್ನ ಮೈಗೆ ಗೊತ್ತಿತ್ತು. ಆ ಜಾಗ ಬಂತು. ಒತ್ತಿದಂತಾಯಿತು. ಈಗ ನಿಲ್ಲುತ್ತದೆ, ಈಗ ಹಿಂದಕ್ಕೆ ಎಳೆಯುತ್ತಾರೆ ಎಂದು ಕಾದೆ. ಎಳೆಯಲಿಲ್ಲ. ತಣ್ಣನೆಯದೇನೋ ಮುಂದೆ, ಇನ್ನೂ ಮುಂದೆ, ನಾನು ಮರೆತೇಬಿಟ್ಟಿದ್ದ ನನ್ನ ಹೊಟ್ಟೆಯೊಳಗೆ ಹೋಯಿತು.

"ದಾಟಿತು," ಎಂದರು ಯಾರೋ. ನನ್ನ ಕಣ್ಣಿನಿಂದ ನೀರು ಕಿವಿಗೆ ಇಳಿಯಿತು.

ಸ್ಕ್ಯಾನೂ ಅದನ್ನೇ ಹೇಳಿತು. "ಪೂರ್ತಿ ಹೋಗಿಲ್ಲ," ಎಂದರು ಮೈಸೂರಿನ ಕಡೆಯ ಆ ಕ್ಯಾನ್ಸರ್ ಡಾಕ್ಟರು. "ಆದರೆ ತುಂಬ ಕರಗಿದೆ. ಇನ್ನೂ ಸುತ್ತುಗಳಿವೆ, ರೇಡಿಯೇಶನ್ ಇದೆ. ಮೆತ್ತಗಿರೋದನ್ನ ನಿಧಾನವಾಗಿ ತಿಂದು ನೋಡಿ."

"ರೊಟ್ಟಿ?" ಎಂದರು ಯಜಮಾನರು, ನಾನು ಬಾಯಿ ತೆರೆಯುವ ಮೊದಲೇ.

ಡಾಕ್ಟರು ಈ ಸಲ ನಕ್ಕರು. "ನಿಮ್ಮ ಕಡೆ ಎಲ್ಲರೂ ಅದನ್ನೇ ಕೇಳ್ತೀರಿ. ಬಿಸಿದು, ಮೆತ್ತಗಿರೋದು, ಹಾಲಲ್ಲಿ ನೆನೆಸಿ. ಕಡಕ್ ರೊಟ್ಟಿ ಮುಟ್ಟಬೇಡಿ."

ಮರುದಿನ ಬೆಳಿಗ್ಗೆ ಒಲೆಯ ಮುಂದೆ ನಾವೆಲ್ಲ ಸೇರಿದೆವು. ಯಜಮಾನರು ಅಂಗಡಿ ತೆರೆಯಲು ಹೋಗಿರಲಿಲ್ಲ. ಅತ್ತೆ ಹಿಟ್ಟಿಗೆ ಎಸರು ಹಾಕಿ ನಾದಿ, ತಟ್ಟಿ, ಹಂಚಿನ ಮೇಲೆ ಹಾಕಿ, ನೀರು ಸವರಿದರು. ರೊಟ್ಟಿ ಉಬ್ಬಿತು. ಉಬ್ಬಿದ ರೊಟ್ಟಿಯ ಮೇಲಿನ ಪದರು ತೆಳ್ಳಗೆ, ಮೆತ್ತಗೆ ಇರುತ್ತದೆ. ಹಲ್ಲು ಬಾರದ ಕೂಸುಗಳಿಗೆ ನಮ್ಮಲ್ಲಿ ಮೊದಲು ಕೊಡುವುದು ಅದನ್ನೇ. ಪೂರ್ಣಿಮಾಳಿಗೂ ಅತ್ತೆಯೇ ಹಾಗೆ ಕೊಟ್ಟಿದ್ದರು. ಆ ಪದರನ್ನು ಎತ್ತಿ, ಹಾಲಿನಲ್ಲಿ ಅದ್ದಿ, ಬೆರಳಲ್ಲಿ ನುರಿದು ನನ್ನ ತಾಟಿಗೆ ಹಾಕಿದರು. ಇನ್ನೊಂದು ರೊಟ್ಟಿಯನ್ನು ಹಂಚಿಗೆ ಹಾಕಿ ನನ್ನ ಕಡೆ ತಿರುಗಿ ಕೂತರು.

ತುತ್ತು ಬಾಯಿಗಿಟ್ಟೆ. ಅಗಿದೆ. ಅಗಿಯುತ್ತಲೇ ಇದ್ದೆ. ಜೋಳದ ಸಿಹಿ ನಾಲಿಗೆಗೆ ತಾಗಿತು. ನಾಣ್ಯದ ರುಚಿಯ ಕೆಳಗಿನಿಂದ, ದೂರದಿಂದ. ನುಂಗಿದೆ. ತುತ್ತು ಗಂಟಲು ದಾಟಿತು. ಕರಡಿಗೆಯ ಜಾಗಕ್ಕೆ ಬಂತು. ನಿಂತಿತು.

"ಇಳೀತೇನವ್ವ?"

ಬಾಯಿಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಬಾಯಿಯಲ್ಲಿ ತುತ್ತಿರುವಾಗ ಮಾತಾಡಬಾರದು ಎಂಬುದು ಚಿಕ್ಕಂದಿನ ಅಭ್ಯಾಸ. ಒಂದು ನಿಮಿಷ ಎಂದು ಬೆರಳು ಎತ್ತಿದೆ. ಅತ್ತೆಗೆ ಅದು ಬೇರೆಯೇ ಅರ್ಥ ಕೊಟ್ಟಿತು. ಎರಡೂ ಕೈ ಚಾಚಿ ಬೊಗಸೆ ಮಾಡಿ ನನ್ನ ಗದ್ದದ ಕೆಳಗೆ ಹಿಡಿದರು. ಹಿಟ್ಟು ಮೆತ್ತಿದ ಬೊಗಸೆ. ಪೂರ್ಣಿಮಾ ನೀರಿನ ಲೋಟ ಹಿಡಿದು ನಿಂತಿದ್ದಳು.

ಎದೆಯೊಳಗೆ ಏನೋ ಸಡಿಲವಾಯಿತು. ಬಿಸಿ ಕೆಳಗೆ ಹೋಯಿತು. ಹೋದದ್ದು ನನಗೆ ತಿಳಿಯಿತು.

"ಇಳೀತ್ರಿ," ಎಂದೆ.

"ಖರೇ?"

"ಖರೇ ರಿ ಅತ್ತಿ. ಇಳೀತು."

ಬೊಗಸೆ ಹಾಗೆಯೇ ಇನ್ನೊಂದು ಗಳಿಗೆ ನಿಂತಿತ್ತು. ಆಮೇಲೆ ಸೀದ ವಾಸನೆ ಬಂತು. ಹಂಚಿನ ಮೇಲಿನ ರೊಟ್ಟಿ ಒಂದು ಮಗ್ಗುಲು ಕರ್ರಗಾಗಿತ್ತು. "ನಿನ್ನ ಮಾರಿ ನೋಡ್ಕೋತ ಕುಂತು ರೊಟ್ಟಿ ಸುಟ್ಟೆ ನೋಡು" ಎಂದು ಅತ್ತೆ ನನ್ನನ್ನೇ ಬೈದರು. ಆ ಸುಟ್ಟ ರೊಟ್ಟಿಯನ್ನು ತಮ್ಮ ತಾಟಿಗೆ ಹಾಕಿಕೊಂಡು, ಖಾರದ ಪುಡಿ ಹಚ್ಚಿ, ಎರಡು ಕೈಯಿಂದ ಮುರಿದು ಉಂಡರು. ಇನ್ನೊಂದು ಮಾಡಿಕೊಳ್ಳಿ ಎಂದರೂ ಕೇಳಲಿಲ್ಲ. ಉಂಡು, ತಾಟಿಗೆ ನೀರು ಹಾಕಿ, ಕರಿಯ ಚೂರುಗಳ ಸಮೇತ ತೊಳೆದು ಕುಡಿದರು.

ಮುಂದಿನ ಸುತ್ತುಗಳು, ರೇಡಿಯೇಶನ್, ಎಲ್ಲವೂ ಆದವು. ಸುಲಭವಾಗಿ ಆಗಲಿಲ್ಲ. ಮಧ್ಯೆ ಒಮ್ಮೆ ಜ್ವರ ಬಂದು ಆಸ್ಪತ್ರೆಯಲ್ಲೇ ಇರಬೇಕಾಯಿತು. ರೇಡಿಯೇಶನ್‌ನ ಕೊನೆಯ ದಿನಗಳಲ್ಲಿ ಬೆಂಕಿ ನುಂಗಿದಂತೆ ಉರಿದು ಮತ್ತೆ ಗಂಜಿಗೆ ಇಳಿದೆ. ಕೂದಲು ಬಂದಿದೆ, ಗುಂಗುರಾಗಿ, ನನ್ನದಲ್ಲವೆಂಬಂತೆ. ಕಿವಿಯ ಕೀಟ ಹೋಗಿಲ್ಲ. ಭೀಮಬಾಯಿ ಆಗಾಗ ಫೋನ್ ಮಾಡಿ, "ಅಕ್ಕಾರ, ಮುಳ್ಳು ಹೆಂಗದ?" ಎಂದು ಕೇಳುತ್ತಾಳೆ. ನಾನು, "ಸುಮ್ಮನ ಅದ" ಎನ್ನುತ್ತೇನೆ.

ಹೋಗಿದೆ ಎಂದು ಹೇಳುವ ಧೈರ್ಯ ನನಗಿಲ್ಲ. ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್ ಇರುತ್ತದೆ. ಮುಂದಿನದು ಬರುವ ವಾರ. ಹತ್ತಿರ ಬಂದಂತೆ ನಾನು ಮತ್ತೆ ಡಬ್ಬಿ ತೊಳೆಯಲು ಶುರುಮಾಡುತ್ತೇನೆ. ಪೂರ್ಣಿಮಾ ಕೇಳದೆ ಬಂದು ಒರೆಸಿ ಕೊಡುತ್ತಾಳೆ. ನಿಮಗೂ ಹೀಗೆ ಯಾವುದಾದರೂ ಕುರ್ಚಿಯಲ್ಲಿ ಕಾಯುವ ಪಾಳಿ ಬಂದಿದ್ದರೆ, ಹೆದರಬೇಡಿ ಎಂದು ನಾನು ಹೇಳಲಾರೆ. ನಾನಿನ್ನೂ ಹೆದರುತ್ತೇನೆ. ಹೆದರುತ್ತಲೇ ಒಂದು ತುತ್ತು ಕಲಸಿ ಬಾಯಿಗೆ ಇಡಲು ಬರುತ್ತದೆ, ಅಷ್ಟು ಹೇಳಬಲ್ಲೆ.

ಈ ಶ್ರಾವಣದಲ್ಲಿ ಓಣಿಯ ಹೆಂಗಸೊಬ್ಬರು ಕಟ್ಟೆಯ ಮೇಲೆ ಕೂತು ಕೇಳಿದರು: "ಏನ್ರಿ ಅಮ್ಮಾರ, ಈ ವರ್ಷ ಅತ್ತಿ ಸೊಸಿ ಒಪ್ಪತ್ತಿಲ್ಲೇನು?"

"ಇಲ್ಲವ್ವ," ಎಂದರು ಅತ್ತೆ. "ಈ ವರ್ಷ ನಾವು ಮೂರೂ ಹೊತ್ತು ಹಿಡದೀವಿ. ಭಾಳ ಕಠಿಣ ವ್ರತ ಅದು."

ಈಗ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತೇವೆ. ಅತ್ತೆ ನನ್ನ ಎದುರಿಗೆ ಕೂಡುತ್ತಾರೆ. ಈಗ ಅವರು ಕೇಳುವುದಿಲ್ಲ. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಕೈಯನ್ನು ತಾಟಿನ ಮೇಲೆ ಹಾಗೇ ಹಿಡಿದಿರುತ್ತಾರೆ. ನಾನು ಅಗಿಯುತ್ತೇನೆ. ನುಂಗುತ್ತೇನೆ. ಕರಡಿಗೆಯ ಹತ್ತಿರ ಅದು ಒಂದು ಕ್ಷಣ ನಿಲ್ಲುತ್ತದೆ. ಅವರ ಕೈಯೂ ನಿಂತಿರುತ್ತದೆ. ನನ್ನದು ಇಳಿದ ಮೇಲೆ ಅವರದು ಬಾಯಿಗೆ ಹೋಗುತ್ತದೆ.